ದೂಡುವವರ ಹಳಿ

ಮಧ್ಯಾಹ್ನ ಒಂದು ಗಂಟೆ ಕಳೆದರೆ ಬಂಟ್ವಾಳ ಪೇಟೆಗೆ ಮಂಪರು ಹತ್ತುತ್ತದೆ. ಬಟ್ಟೆ ಅಂಗಡಿಯವರು ಅರ್ಧ ಶಟರ್ ಎಳೆದು ಥಾನುಗಳ ನಡುವೆ ಅಡ್ಡಾಗುತ್ತಾರೆ. ಇಕ್ಕಟ್ಟಾದ ಬೀದಿಯಲ್ಲಿ ಬಿ.ಸಿ.ರೋಡಿನ ಬಸ್ಸುಗಳು ಕೂಡ ಹಾರ್ನ್ ಹಾಕುವುದನ್ನು ಮರೆತಂತೆ ಹಾದುಹೋಗುತ್ತವೆ. ಆ ಹೊತ್ತಿನಲ್ಲಿ ಅಬ್ದುಲ್ ಶುಕೂರ್ ತಮ್ಮ ಝೆರಾಕ್ಸ್ ಅಂಗಡಿಯ ಫ್ಯಾನಿನ ಕೆಳಗೆ ಕುಳಿತು, ಎರಡನೆಯ ಕಂಪ್ಯೂಟರಿನಲ್ಲಿ ಮರಳುಗಾಡಿಗೆ ಹೋಗುತ್ತಿದ್ದರು.

ಶುಕೂರರಿಗೆ ಐವತ್ತನಾಲ್ಕು ವರ್ಷ. ಹುಟ್ಟಿದ್ದು ಪಾಣೆಮಂಗಳೂರಿನಲ್ಲಿ, ನೇತ್ರಾವತಿಯ ದಡದಲ್ಲಿ. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ದುಡಿದರು. ಅಲ್ಲಿ ಅವರದು ಸರ್ವೇ ಹೆಲ್ಪರ್ ಕೆಲಸ. ಅಳತೆಯ ಕೋಲು ಹಿಡಿದು, ಇಂಜಿನಿಯರ್ ಕೈ ಬೀಸುವ ತನಕ ಅಲ್ಲಾಡದೆ ನಿಲ್ಲುವುದು. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಅಲ್ಲಿ ಕಲಿತೆ ಎಂದು ಅವರು ಹೇಳುವುದುಂಟು. ಸುತ್ತ ಎಲ್ಲ ಕಡೆ ಒಂದೇ ಬಣ್ಣ. ನೋಡುತ್ತಾ ನಿಂತರೆ ಬಿಸಿಲು ನೀರಾಗುತ್ತಿತ್ತು, ಆ ನೀರಿನಲ್ಲಿ ಪಾಣೆಮಂಗಳೂರಿನ ಹಳೆಯ ಸೇತುವೆ ತೇಲಿ ಬರುತ್ತಿತ್ತು.

ಕೊನೆಯ ಎರಡು ವರ್ಷ ಅವರನ್ನು ಕಂಪೆನಿ ಇರಾಕಿನ ಬಸ್ರಾದ ಕಡೆಗೆ ಕಳುಹಿಸಿತು. ಒಂದು ಬೆಳಿಗ್ಗೆ, ಹಿಂದಿನ ದಿನದ ಗಾಳಿಗೆ ಮರಳು ಸರಿದ ಜಾಗದಲ್ಲಿ ಎರಡು ಕಬ್ಬಿಣದ ಪಟ್ಟಿಗಳು ಕಂಡವು. ಶುಕೂರ್ ತಮ್ಮ ಕೋಲನ್ನು ಅಡ್ಡ ಇಟ್ಟು ನೋಡಿದರು. ಎರಡೂವರೆ ಅಡಿ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯ ಹಾಕಿಸಿದ ಸಣ್ಣ ರೈಲಿನ ಹಳಿ ಎಂದು ಇಂಜಿನಿಯರ್ ಹೇಳಿದ. ಹಳಿಯೂ ಇಂಡಿಯಾದ್ದು, ಹಾಕಿದವರೂ ಇಂಡಿಯಾದವರು ಎಂದೂ ಹೇಳಿದ. ಸ್ವಲ್ಪ ದೂರದಲ್ಲಿ ಸಣ್ಣ ಸಣ್ಣ ಕಲ್ಲುಗಳು ಸಾಲಾಗಿದ್ದವು. ಯಾರೂ ಹೇಳದೆಯೇ ಅಲ್ಲಿನ ಡ್ರೈವರ್ ಅವುಗಳ ಸುತ್ತ ಬಳಸಿ ಗಾಡಿ ತಿರುಗಿಸಿಕೊಂಡು ಹೋದ. ಶುಕೂರ್ ಆ ಕಡೆ ಮುಖ ಮಾಡಿ ಮೆಲ್ಲನೆ ಸಲಾಂ ಹೇಳಿದರು, ಖಬರಸ್ಥಾನದ ಪಕ್ಕ ಹಾದುಹೋಗುವಾಗ ಹೇಳುವಂತೆ. ಅಲ್ಲಿ ಮಲಗಿರುವವರು ಯಾವ ಜಾತಿಯವರೋ ಯಾವ ಊರಿನವರೋ ಅವರಿಗೆ ತಿಳಿದಿರಲಿಲ್ಲ.

ಬೆನ್ನುನೋವು ಬಂದು ಊರಿಗೆ ಮರಳಿ ಅಂಗಡಿ ತೆರೆದ ಮೇಲೆ ಆ ಹಳಿ ಅವರ ಮಧ್ಯಾಹ್ನದ ನಿದ್ದೆಯಲ್ಲಿ ಬರತೊಡಗಿತು. ಗಲ್ಫಿನ ಕೆಲಸಗಾರರ ಕ್ಯಾಂಪಿನಲ್ಲಿದ್ದಾಗಲೇ ಅವರಿಗೆ ಟ್ರೇನ್ ಸಿಮ್ಯುಲೇಟರಿನ ಹುಚ್ಚು ಹಿಡಿದಿತ್ತು. ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ ಅದು. ಬೇಕೆಂದರೆ ನಾವೇ ಹೊಸ ದಾರಿಯನ್ನು, ಗುಡ್ಡ, ನದಿ, ಸ್ಟೇಷನ್ ಸಮೇತ ಕಟ್ಟಿ ಅದರಲ್ಲಿ ಸೇರಿಸಬಹುದು. ಬೆಳ್ತಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ನೌಫಲ್ ಎಂಬವನು ಇಂಥ ಹುಚ್ಚಿನವರ ಒಂದು ಗುಂಪು ಮಾಡಿದ್ದ. ಅವರು ಘಾಟಿಯ ಸುರಂಗಗಳನ್ನು ಕಟ್ಟುತ್ತಿದ್ದರೆ ಶುಕೂರ್ ಬಸ್ರಾದ ಆ ಹಳಿಯನ್ನು ಕಟ್ಟುತ್ತೇನೆಂದು ಹೇಳಿದರು.

ನೌಫಲ್ ಹಳೆಯ ವರದಿಗಳನ್ನು ಹುಡುಕಿ ಕೊಟ್ಟ. ನದಿಯ ದಡದಿಂದ ಸೈನ್ಯದ ಬಿಡಾರದವರೆಗೆ ಮೂರು ಮೈಲಿ. ಮೊದಲ ತಿಂಗಳುಗಳಲ್ಲಿ ಇಂಜಿನ್ ಬಂದಿರಲಿಲ್ಲ, ಕೂಲಿಗಳೇ ಗಾಡಿ ದೂಡುತ್ತಿದ್ದರು ಎಂದು ಒಂದು ಕಡೆ ಇತ್ತು. ಹೋಗುವಾಗ ಹಿಟ್ಟಿನ ಮೂಟೆ, ಮದ್ದುಗುಂಡು. ಬರುವಾಗ ಕಾಯಿಲೆಯವರು, ಗಾಯಾಳುಗಳು. ಶುಕೂರ್ ಒಂದು ವರ್ಷ ಕೂತು ಆ ಬಯಲನ್ನು ಮಾಡಿದರು. ಬೆಳಗಿನ ಬೆಳಕು ಹೇಗೆ ನೀಲಿಯಾಗಿ ಶುರುವಾಗಿ ಹಾಲಿನಂತಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಕೋಲು ಹಿಡಿದು ಅಷ್ಟು ವರ್ಷ ನೋಡಿದ್ದರು. ಖರ್ಜೂರದ ಮರಗಳ ತುದಿ, ನದಿಯ ಮೇಲಿನ ಹೊಗೆಮಂಜು ಎಲ್ಲವೂ ಬಂತು.

"ಶುಕೂರ್ ಕಾಕ, ಚಂದ ಆಗಿದೆ," ಎಂದ ನೌಫಲ್ ಫೋನಿನಲ್ಲಿ. "ಆದರೆ ಇದರಲ್ಲಿ ಆಡ್ಲಿಕ್ಕೆ ಎಂತ ಉಂಟು? ಮೇಲಿಂದ ಶೆಲ್ ಬೀಳುವ ಹಾಗೆ ಮಾಡುವ. ಮದ್ದುಗುಂಡು ಹೊತ್ತಿಗೆ ಸರಿಯಾಗಿ ಮುಟ್ಟಿಸಿದವರಿಗೆ ಪಾಯಿಂಟ್ ಕೊಡುವ."

"ನೋಡುವ," ಎಂದರು ಶುಕೂರ್. ಆ ಸಲಾಂ ಹೇಳಿದ ಜಾಗ ನೆನಪಾಗಿ, ಪಾಯಿಂಟ್ ಎಂಬ ಮಾತು ಅವರಿಗೆ ಹಿಡಿಸಲಿಲ್ಲ.

ಇದು ಹೀಗಿರುವಾಗ ಪ್ರೇಮಾವತಿ ಅಂಗಡಿಗೆ ಬಂದರು.

ಪ್ರೇಮಾವತಿಗೆ ಅರವತ್ತೆಂಟು. ಹಂಚಿನ ಕಾರ್ಖಾನೆಯ ಪಿಂಚಣಿ ಬರಬೇಕಾದರೆ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಎಂದು ಹೆಬ್ಬೆಟ್ಟು ಒತ್ತಿ ತೋರಿಸಬೇಕು. ಆವತ್ತು ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸಲಿಲ್ಲ. ಒರೆಸಿ ಒತ್ತಿದರು, ಎಣ್ಣೆ ಹಚ್ಚಿ ಒತ್ತಿದರು. ಇಪ್ಪತ್ತೈದು ವರ್ಷ ಹಸಿ ಹಂಚು ಮುಟ್ಟಿ, ಆಮೇಲೆ ಬೀಡಿ ಕಟ್ಟಿ, ಬೆರಳಿನ ಗೆರೆಗಳೆಲ್ಲ ಸವೆದು ಹೋಗಿದ್ದವು. ಮುಖ ತೋರಿಸಿಯೂ ಆಗುತ್ತದೆ, ಆದರೆ ಸರ್ವರ್ ಬರಬೇಕು, ಸ್ವಲ್ಪ ಕುಳಿತುಕೊಳ್ಳಿ ಎಂದು ಶುಕೂರ್ ಕುರ್ಚಿ ಕೊಟ್ಟರು. ಇಬ್ಬರೂ ಮಾತಾಡುತ್ತಿದ್ದದ್ದು ತುಳುವಿನಲ್ಲಿ.

ಎರಡನೆಯ ಕಂಪ್ಯೂಟರಿನಲ್ಲಿ ಮೂರು ಗಾಡಿಗಳು ಮರಳುಗಾಡಿನಲ್ಲಿ ತಾವಾಗಿಯೇ ಸಾಗುತ್ತಿದ್ದವು. ಪ್ರೇಮಾವತಿ ಕಣ್ಣು ಕಿರಿದು ಮಾಡಿ ನೋಡಿದರು.

"ಅದೆಂತ, ಟ್ರಾಲಿಯಾ?"

"ಹೌದು ಪ್ರೇಮಕ್ಕ. ಯುದ್ಧದ ಕಾಲದ್ದು. ಆಗ ಇಂಜಿನ್ ಇರಲಿಲ್ಲ, ಜನ ದೂಡುತ್ತಿದ್ದರು."

"ಜನ ಎಲ್ಲಿ?"

"ಜನರನ್ನು ಮಾಡ್ಲಿಕ್ಕೆ ನನಗೆ ಬರುವುದಿಲ್ಲ. ಒಳಗೆ ಮೋಟರ್ ಅಡಗಿಸಿ ಇಟ್ಟಿದ್ದೇನೆ."

ಪ್ರೇಮಾವತಿ ಇನ್ನೂ ಸ್ವಲ್ಪ ಹೊತ್ತು ನೋಡಿದರು. ಗಾಡಿಗಳು ನಿಂತು ಮತ್ತೆ ಹೊರಟವು.

"ಟ್ರಾಲಿ ಹೀಗೆ ಹೊರಡ್ಲಿಕ್ಕಿಲ್ಲ," ಎಂದರು. "ತುಂಬಿದ ಟ್ರಾಲಿ ಮೊದಲು ಹೂಂ ಅನ್ನುವುದಿಲ್ಲ. ಭುಜ ಕೊಟ್ಟು, ಕಾಲು ಹಿಂದೆ ಊರಿ, ಎಲ್ಲರೂ ಒಟ್ಟಿಗೆ ಉಸಿರು ಬಿಡಬೇಕು. ಆಗ ಒಂದು ಬೆರಳಷ್ಟು ಅಲ್ಲಾಡ್ತದೆ. ಒಮ್ಮೆ ಹೊರಟ ಮೇಲೆ ಅದೇ ನಮ್ಮನ್ನು ಎಳೆದುಕೊಂಡು ಹೋಗ್ತದೆ. ಇಳಿಜಾರಿನಲ್ಲಿ ಹಗ್ಗ ಬಿಚ್ಚಿದ ಎತ್ತಿನ ಹಾಗೆ. ಚಕ್ರಕ್ಕೆ ಅಡ್ಡ ಮರದ ತುಂಡು ಕೊಡ್ಲಿಕ್ಕೆ ಒಬ್ಬರು ಓಡ್ತಾ ಇರಬೇಕು. ನಮ್ಮ ಫ್ಯಾಕ್ಟರಿಯಲ್ಲಿ ಅದು ಡೊಂಬಯ್ಯಣ್ಣ. ಒಂದು ದಿವಸ ತುಂಡು ಜಾರಿತು. ಪಾದದ ಅರ್ಧ ಹೋಯಿತು."

ಅವರು ಇದನ್ನು ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದರು. ಅಷ್ಟರಲ್ಲಿ ಸರ್ವರ್ ಬಂತು. ಫೋನಿನ ಎದುರು ಪ್ರೇಮಾವತಿ ಎರಡು ಸಲ ಕಣ್ಣು ಮಿಟುಕಿಸಿದರು, ಯಂತ್ರ ಒಪ್ಪಿಕೊಂಡಿತು. ಶುಕೂರ್ ಪ್ರಿಂಟ್ ಕೊಟ್ಟು, ಒಂದು ಮಾತು ಕೇಳಿದರು. "ಆ ಟ್ರಾಲಿ ಈಗ ಎಲ್ಲಾದರೂ ಉಂಟಾ?"

"ಫ್ಯಾಕ್ಟರಿಯೇ ಕಾಡು ಬಿದ್ದಿದೆ. ಹಳಿ ಸ್ವಲ್ಪ ಇರಬಹುದು. ನೋಡ್ಬೇಕಾದರೆ ಆದಿತ್ಯವಾರ ಹೋಗುವ."

ಭಾನುವಾರ ಮಧ್ಯಾಹ್ನ ಹೋದರು. ಶುಕೂರರ ಹೆಂಡತಿ ಮೈಮೂನಾ ಫ್ಲಾಸ್ಕಿನಲ್ಲಿ ಚಹಾ ಹಿಡಿದುಕೊಂಡು ಜೊತೆಗೆ ಬಂದಿದ್ದರು. ಗಂಡ ಅಷ್ಟು ದಿನ ಯಾವ ಲೋಕದಲ್ಲಿ ಅಲೆಯುತ್ತಿದ್ದಾರೆ ಎಂದು ಒಮ್ಮೆ ನೋಡಿಯೇ ಬಿಡುತ್ತೇನೆ ಎಂಬುದು ಅವರ ಮನಸ್ಸಿನಲ್ಲಿತ್ತು.

ನದಿಯ ದಡದಲ್ಲಿ ಕಾರ್ಖಾನೆಯ ಹೊಗೆಗೂಡು ಒಂಟಿಯಾಗಿ ನಿಂತಿತ್ತು. ಮಾಡು ಕುಸಿದ ಒಣಗಿಸುವ ಶೆಡ್ಡಿನೊಳಗೆ ಬಿಸಿಲು ತುಂಡುತುಂಡಾಗಿ ಬಿದ್ದಿತ್ತು. ಬಳ್ಳಿಗಳು ಹಂಚು ಸುಡುವ ಗೂಡಿನ ಬಾಯಿಯೊಳಗೆ ಇಳಿದಿದ್ದವು. ಪ್ರೇಮಾವತಿ ಯಾವುದನ್ನೂ ನಿಂತು ನೋಡಲಿಲ್ಲ. ಕೆಲಸಕ್ಕೆ ತಡವಾದವರ ಹಾಗೆ ಸರಸರನೆ ನಡೆದು ಹುಲ್ಲಿನ ನಡುವೆ ನಿಂತರು. "ಇಲ್ಲಿ," ಎಂದರು. ಕಾಲಿನಿಂದ ಹುಲ್ಲು ಸರಿಸಿದಾಗ ಹಳಿ ಕಂಡಿತು. ಹತ್ತು ಹನ್ನೆರಡು ಅಡಿ ಉಳಿದಿತ್ತು. ಅದರ ತುದಿಯಲ್ಲಿ, ಮೇಲಿನ ಪೆಟ್ಟಿಗೆ ಕಳಚಿಹೋದ ಒಂದು ಟ್ರಾಲಿಯ ಚೌಕಟ್ಟು ನಾಲ್ಕು ಚಕ್ರದ ಮೇಲೆ ಕುಳಿತಿತ್ತು.

ಶುಕೂರ್ ಅಳತೆ ಮಾಡಿದರು. ಅದು ಎರಡೇ ಅಡಿ, ಬಸ್ರಾದ್ದಕ್ಕಿಂತ ಅರ್ಧ ಅಡಿ ಕಿರಿದು. ತಂದಿದ್ದ ಎಣ್ಣೆಯನ್ನು ಚಕ್ರದ ಬುಡಕ್ಕೆ ಬಿಟ್ಟು ಕಾದರು. ಮೈಮೂನಾ ಚಹಾ ಹಂಚಿದರು. ನದಿಯ ಕಡೆಯಿಂದ ತೆಳ್ಳಗೆ ಗಾಳಿ ಬರುತ್ತಿತ್ತು, ಎಲ್ಲರಿಗೂ ಸ್ವಲ್ಪ ತೂಕಡಿಕೆ. ಆಚೆ ದಡ ಯಾವ ದೇಶದ್ದು ಎಂದು ಶುಕೂರರಿಗೆ ಒಂದು ಕ್ಷಣ ಸಂಶಯವಾಯಿತು.

ಆಮೇಲೆ ಪ್ರೇಮಾವತಿ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ ಚೌಕಟ್ಟಿಗೆ ಎರಡೂ ಕೈ ಇಟ್ಟರು. ಶುಕೂರರ ಬೆನ್ನುನೋವು ಗೊತ್ತಿದ್ದ ಮೈಮೂನಾ ತಾವೇ ಹೋಗಿ ಪಕ್ಕದಲ್ಲಿ ನಿಂತರು.

"ಕೈಯಲ್ಲಿ ದೂಡಬೇಡಿ," ಎಂದರು ಪ್ರೇಮಾವತಿ. "ಕಾಲಲ್ಲಿ ದೂಡಿ. ಕೈ ಸುಮ್ಮನೆ ಇರ್ಲಿ. ನಾನು ಹೇಳಿದಾಗ ಉಸಿರು ಬಿಡಿ."

ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಕಬ್ಬಿಣ ನರಳಿತು, ತುಕ್ಕು ಉದುರಿತು, ಚೌಕಟ್ಟು ನಿದ್ದೆಯಿಂದ ಎದ್ದ ಹಾಗೆ ಕದಲಿ ನಾಲ್ಕು ಅಡಿ ಸಾಗಿತು. ಶುಕೂರ್ ಫೋನು ಹಿಡಿದು ಅದರ ಸದ್ದನ್ನೆಲ್ಲ ತುಂಬಿಕೊಂಡರು: ಚಕ್ರದ ಕೀರಲು, ಇಬ್ಬರು ಹೆಂಗಸರ ಉಸಿರು, ಒಣ ಎಲೆಯ ಮೇಲೆ ಹೆಜ್ಜೆ. ಮೈಮೂನಾ ನಗುತ್ತಾ ಬೆವರು ಒರೆಸಿಕೊಂಡರು. ಪ್ರೇಮಾವತಿ ನಗಲಿಲ್ಲ. ಚೌಕಟ್ಟಿನ ಮೇಲಿನ ಕೈ ತೆಗೆಯದೆ ನಿಂತಿದ್ದರು.

"ಕೆಲಸ ಮಾಡುವಾಗ ಹಾಡು ಹೇಳ್ತಿದ್ದಿರಾ?" ಎಂದು ಮೈಮೂನಾ ಕೇಳಿದರು.

"ಉಸಿರು ಎಲ್ಲಿ ಇತ್ತು ಹಾಡ್ಲಿಕ್ಕೆ? ಹಳಿಯ ಅಡಿಯ ಮರ ಎಣಿಸ್ತಿದ್ದೆವು. ಇನ್ನೂರ ಹತ್ತು ಆದರೆ ಮಣ್ಣು ಅರೆಯುವ ಮಿಲ್ಲು ಬಂತು."

ಅಲ್ಲಿಂದ ಮುಂದೆ ಕೆಲಸ ಬೇರೆಯೇ ದಾರಿ ಹಿಡಿಯಿತು. ಶುಕೂರ್ ಗಾಡಿಯೊಳಗಿನ ಮೋಟರ್ ತೆಗೆದರು. ಮನುಷ್ಯರನ್ನು ಮಾಡಲು ಕಲಿತರು. ಮೂರು ತಿಂಗಳು ಹಿಡಿಯಿತು. ಅವರಿಗೆ ಮಾಡಲು ಬಂದದ್ದು ಒಂದೇ ಮುಖ. ಅದನ್ನೇ ನಕಲು ಮಾಡಿ, ಮುಂಡಾಸಿನ ಬಣ್ಣ ಬದಲಿಸಿ, ನಲವತ್ತು ಜನರನ್ನು ಹಳಿಯ ಮೇಲೆ ನಿಲ್ಲಿಸಿದರು. ಪ್ರೇಮಾವತಿ ಈಗ ಕಟ್ಟಿದ ಬೀಡಿ ಒಪ್ಪಿಸಿ ಹಿಂದಿರುಗುವಾಗ ಅಂಗಡಿಗೆ ಬಂದು ಹತ್ತು ನಿಮಿಷ ಕೂತು ಹೋಗುತ್ತಿದ್ದರು. ಆ ನಲವತ್ತು ಜನರನ್ನು ನೋಡಿ ಕೇಳಿದರು.

"ಇವರೆಲ್ಲ ಒಂದೇ ತಾಯಿಯ ಮಕ್ಕಳಾ?"

"ನಿಜವಾದವರ ಮುಖ ಯಾರಿಗೂ ಗೊತ್ತಿಲ್ಲ ಪ್ರೇಮಕ್ಕ. ಹೆಸರೂ ಇಲ್ಲ. ವರದಿಯಲ್ಲಿ ಬರೀ ಇಷ್ಟು ಕೂಲಿ ಎಂದು ಬರೆದಿದೆ."

"ಗೊತ್ತಿಲ್ಲದ ಮುಖ ಯಾಕೆ ಹಚ್ಚುವುದು? ಟ್ರಾಲಿ ದೂಡುವವರಿಗೆ ಮುಂದಿನವರ ಮುಖ ಕಾಣುವುದಿಲ್ಲ. ಬೆನ್ನು ಕಾಣ್ತದೆ. ಇಪ್ಪತ್ತೈದು ವರ್ಷ ನಾನು ನೋಡಿದ್ದು ಸುಂದರಿಯ ಬೆನ್ನು. ಎಡ ಹೆಗಲಿನ ಹತ್ತಿರ ರವಿಕೆ ಹೊಲಿದದ್ದು ಇತ್ತು. ಇವತ್ತು ಕೂಡ ಸಾವಿರ ಜನರಲ್ಲಿ ಅವಳ ಬೆನ್ನನ್ನು ಗುರುತು ಹಿಡಿಯುತ್ತೇನೆ."

ಶುಕೂರ್ ಆ ಮಧ್ಯಾಹ್ನವೇ ಮುಖಗಳನ್ನು ಅಳಿಸಿದರು. ಬೆನ್ನುಗಳನ್ನು ಮಾಡಲು ಕುಳಿತರು. ಒಂದು ಬೆನ್ನು ಬಾಗಿದ್ದು, ಒಂದು ಎಲುಬು ಕಾಣುವಂಥದ್ದು, ಒಂದರ ಅಂಗಿ ಹೆಗಲಲ್ಲಿ ಹರಿದು ತೇಪೆ ಹಾಕಿದ್ದು. ಕ್ಯಾಂಪಿನಲ್ಲಿ ತಮ್ಮ ಮುಂದೆ ಸಾಲಿನಲ್ಲಿ ಅನ್ನಕ್ಕೆ ನಿಲ್ಲುತ್ತಿದ್ದವರ ಬೆನ್ನುಗಳು ಒಂದೊಂದಾಗಿ ನೆನಪಿಗೆ ಬಂದವು. ಹೆಸರು ಮರೆತವರು ಕೂಡ ಬಂದರು. ಹೀಗೆ ನಲವತ್ತು ಬೇರೆ ಬೇರೆ ಬೆನ್ನು. ಆಟಕ್ಕೆ ಕುಳಿತವನು ಎಲ್ಲಿಂದ ನೋಡಬೇಕು ಎಂಬುದೂ ಆಗ ತೀರ್ಮಾನವಾಯಿತು. ಡ್ರೈವರನ ಜಾಗ ಇಲ್ಲ. ಕೊನೆಯ ಗಾಡಿಯ ಅಂಚಿಗೆ ಕೈಯಿಟ್ಟು ನಿಂತವನ ಕಣ್ಣಿನಿಂದ ನೋಡಬೇಕು. ಕೀಬೋರ್ಡಿನ ಒಂದು ಕೀಲಿ ಒತ್ತಿ ಹಿಡಿದಷ್ಟು ಹೊತ್ತು ಗಾಡಿ ಸಾಗುತ್ತದೆ. ಪಾಯಿಂಟ್ ಇಲ್ಲ, ಗಡಿಯಾರ ಇಲ್ಲ. ಮೂರು ಮೈಲಿ ದಾಟಲು ಒಂದೂವರೆ ಗಂಟೆ ಬೇಕು.

ಉಳಿದದ್ದು ಆ ಕಲ್ಲುಗಳ ಸಾಲು. ತೋರಿಸಬೇಕೋ ಬೇಡವೋ? ತೋರಿಸದಿದ್ದರೆ ಸುಳ್ಳಾಗುತ್ತದೆ. ತೋರಿಸಿದರೆ ಯಾರೋ ಹತ್ತಿರ ಹೋಗಿ, ಸುತ್ತ ತಿರುಗಿ, ಚಿತ್ರ ತೆಗೆದು ಹಾಕುತ್ತಾರೆ. ಶುಕೂರ್ ಹದಿನೈದು ದಿನ ಅದನ್ನು ಇಟ್ಟರು, ತೆಗೆದರು. ಕೊನೆಗೆ ಪ್ರೇಮಾವತಿಯನ್ನೇ ಕೇಳಿದರು.

ತುಳುವರು ಸತ್ತವರನ್ನು ನೆನೆಯುವ, ಮಳೆಗಾಲದ ಆಟಿ ತಿಂಗಳು ನಡೆಯುತ್ತಿತ್ತು. ಪ್ರೇಮಾವತಿ ಸ್ವಲ್ಪ ಯೋಚಿಸಿ ಹೇಳಿದರು. "ನಮ್ಮಲ್ಲಿ ತೀರಿಕೊಂಡವರಿಗೆ ಎಲೆ ಹಾಕಿ ಬಡಿಸ್ತೇವೆ. ಮನೆಯವರಿಗೆಲ್ಲ ಬಡಿಸಿ ಆದ ಮೇಲೆ ನನ್ನ ತಾಯಿ ಒಂದು ಎಲೆ ಹೆಚ್ಚು ಹಾಕ್ತಿದ್ದರು. ಯಾರಿಗೆಂದು ಕೇಳಿದರೆ, ಹಾಕುವವರು ಇಲ್ಲದವರಿಗೆ ಅಂತ. ಬಡಿಸಿದ ಮೇಲೆ ಬಾಗಿಲು ಎಳೆದು ನಾವು ಹೊರಗೆ ನಿಲ್ಲಬೇಕು. ಅವರು ಉಣ್ಣುವುದನ್ನು ನೋಡ್ಲಿಕ್ಕಾಗದು."

"ನಾವು ಖಬರಸ್ಥಾನದ ಹತ್ತಿರ ಹೋಗುವಾಗ ಸಲಾಂ ಹೇಳಿ ಹೋಗ್ತೇವೆ," ಎಂದರು ಶುಕೂರ್.

"ಅದೇ. ನೋಡಬಾರದು, ಮರೆಯಲೂಬಾರದು."

ಕಲ್ಲುಗಳು ಅಲ್ಲಿಯೇ ಉಳಿದವು, ಹಳಿಯ ಎಡಗಡೆ, ನೂರು ಹೆಜ್ಜೆ ದೂರದಲ್ಲಿ. ಆ ಜಾಗ ಬಂದಾಗ ಮುಂದಿನವರೆಲ್ಲ ಹೆಜ್ಜೆ ನಿಧಾನ ಮಾಡುತ್ತಾರೆ; ತಲೆ ಸ್ವಲ್ಪ ತಗ್ಗುತ್ತದೆ. ಆಟಗಾರ ಆ ಕಡೆ ತಿರುಗಿ ನೋಡಲು ಎಷ್ಟು ಪ್ರಯತ್ನಿಸಿದರೂ ನೋಟ ಹಳಿಯ ಮೇಲೆಯೇ ಇರುತ್ತದೆ. ಕಣ್ಣಂಚಿನಲ್ಲಿ ಬಿಳಿಯದೇನೋ ಇದೆ ಎಂದಷ್ಟೇ ಗೊತ್ತಾಗುತ್ತದೆ. ಕಾಯಿಲೆಯವರನ್ನು ಹೊತ್ತು ಹಿಂದಿರುಗುವ ಗಾಡಿಗಳಿಗೆ ಶುಕೂರ್ ತಾಡಪಾಲಿನ ಮರೆ ಕಟ್ಟಿದರು. ಒಳಗಿನಿಂದ ಕೇಳಿಸುವುದು ಹೂಜಿಯಲ್ಲಿ ನೀರು ತುಳುಕುವ ಸದ್ದು ಮಾತ್ರ.

ನೌಫಲ್ ಬೆಳ್ತಂಗಡಿಯಿಂದ ಬಂದು ಅಂಗಡಿಯಲ್ಲಿ ಕುಳಿತು ನೋಡಿದ. ಹತ್ತು ನಿಮಿಷಕ್ಕೆ ಕೀಲಿಯಿಂದ ಕೈ ತೆಗೆದ. ಗಾಡಿ ನಿಂತಿತು. ಮುಂದಿನವರೆಲ್ಲ ಸುಮ್ಮನೆ ನಿಂತು ಕಾಯತೊಡಗಿದರು.

"ಕಾಕ, ಇದನ್ನು ಯಾರೂ ಆಡ್ಲಿಕ್ಕಿಲ್ಲ."

"ಇರಬಹುದು."

"ಬೆರಳು ನೋಯ್ತದೆ."

"ಹೌದು," ಎಂದರು ಶುಕೂರ್.

ನೌಫಲ್ ತೆರೆಯನ್ನು ನೋಡುತ್ತಾ ಕುಳಿತಿದ್ದ. ಕಾಯುತ್ತಿದ್ದ ಬೆನ್ನುಗಳಲ್ಲಿ ಒಂದು, ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿತು. ಅವನು ಮತ್ತೆ ಕೀಲಿ ಒತ್ತಿದ. ಆ ದಿನ ಅವನು ಕೊನೆಯ ತನಕ ಹೋಗಲಿಲ್ಲ. ಆದರೆ ಶೆಲ್ಲಿನ ಮಾತು ಮತ್ತೆ ಎತ್ತಲಿಲ್ಲ. ಮುಂದಿನ ತಿಂಗಳು ಮೂಡಬಿದಿರೆಯಲ್ಲಿ ಗುಂಪಿನ ಪ್ರದರ್ಶನ ಇಟ್ಟಾಗ, ಇದಕ್ಕೆಂದು ಮೂಲೆಯಲ್ಲಿ ಒಂದು ಮೇಜನ್ನು ತಾನೇ ಕೇಳಿ ಇಡಿಸಿದ.

ಪ್ರದರ್ಶನ ಒಂದು ಹೋಟೆಲಿನ ಮಹಡಿಯ ಸಭಾಂಗಣದಲ್ಲಿ. ಘಾಟಿಯ ರೈಲಿನ ಎದುರು ಜನ ತುಂಬಿದ್ದರು. ಮೂಲೆಯ ಮೇಜಿಗೆ ಬಂದವರು ಎರಡು ನಿಮಿಷ ಕೂತು, ಏನೂ ಆಗುವುದಿಲ್ಲವಲ್ಲ ಎಂದು ಎದ್ದುಹೋಗುತ್ತಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ವೆಂಕಪ್ಪ ಎಂಬ ನಿವೃತ್ತ ಬಸ್ ಡ್ರೈವರ್ ಬಂದರು. ಕುರ್ಚಿ ಸರಿಸಿ ನಿಂತುಕೊಂಡೇ ಕೀಲಿ ಒತ್ತಿದರು. ದೂಡುವ ಕೆಲಸ ಕೂತು ಮಾಡುವುದು ಸರಿಯಲ್ಲ ಎಂದರು. ಒಂದೂವರೆ ಗಂಟೆ ಅವರು ಕೀಲಿಯಿಂದ ಕೈ ತೆಗೆಯಲಿಲ್ಲ. ಕಲ್ಲುಗಳ ಜಾಗ ಬಂದಾಗ ಅವರೂ ತಲೆ ತಗ್ಗಿಸಿದ್ದನ್ನು ಶುಕೂರ್ ಹಿಂದಿನಿಂದ ನೋಡಿದರು. ಕೊನೆಗೆ ಗಾಡಿ ಬಿಡಾರ ಮುಟ್ಟಿ, ಮೂಟೆ ಇಳಿಯುವ ಸದ್ದಾದ ಮೇಲೆ ವೆಂಕಪ್ಪ ಕೈ ಜಾಡಿಸಿಕೊಂಡು, "ನೀವು ಮಾಡಿದ್ದಾ?" ಎಂದು ಕೇಳಿದರು.

"ನಾವು ಇಬ್ಬರು," ಎಂದು ಶುಕೂರ್ ಪ್ರೇಮಾವತಿಯತ್ತ ಕೈ ತೋರಿಸಿದರು. ಪ್ರೇಮಾವತಿ ಗೋಡೆ ಬದಿಯ ಬೆಂಚಿನಲ್ಲಿ ಹೊಸ ಸೀರೆ ಉಟ್ಟು ಕುಳಿತಿದ್ದರು. ವೆಂಕಪ್ಪ ಅವರ ಹತ್ತಿರ ಹೋಗಿ ಕೈ ಮುಗಿದು, ಮೆಟ್ಟಿಲಿಳಿದು ಹೋದರು.

ಊಟವಾದ ಮೇಲೆ ಸಭಾಂಗಣ ಖಾಲಿಯಾದಾಗ ಪ್ರೇಮಾವತಿ ತಾವೇ ಮೇಜಿಗೆ ಬಂದು ಕುಳಿತರು. ಸವೆದ ಬೆರಳನ್ನು ಕೀಲಿಯ ಮೇಲಿಟ್ಟರು. ಆ ಭಾನುವಾರ ಕಾರ್ಖಾನೆಯಲ್ಲಿ ತಾವೇ ಬಿಟ್ಟ ಉಸಿರು ಸ್ಪೀಕರಿನಿಂದ ಬಂತು. ಅದಕ್ಕೆ ಸರಿಯಾಗಿ ಮುಂದಿನ ಬೆನ್ನುಗಳು ಬಾಗಿದವು. ಗಾಡಿ ಹೊರಟಿತು. ಅವರ ತುಟಿ ಸಣ್ಣದಾಗಿ ಅಲ್ಲಾಡುತ್ತಿತ್ತು. ಹಳಿಯ ಅಡಿಯ ಮರ ಎಣಿಸುತ್ತಿದ್ದರು. ಕಿಟಕಿಯ ಹೊರಗೆ ಮಧ್ಯಾಹ್ನದ ಬಿಸಿಲು, ತೆರೆಯ ಒಳಗೆ ಬೆಳಗಿನ ನೀಲಿ. ಅವರ ಮುಖದ ಮೇಲೆ ಎರಡೂ ಬೆಳಕು ಬಿದ್ದಿದ್ದವು. ಶುಕೂರ್ ದೂರದಲ್ಲಿ ಅಲ್ಲಾಡದೆ ನಿಂತಿದ್ದರು.

ಅರ್ಧ ದಾರಿಯಲ್ಲಿ ಪ್ರೇಮಾವತಿ ಕೈ ತೆಗೆದು ಕುರ್ಚಿಗೆ ಒರಗಿದರು. ಅಳುತ್ತಿದ್ದಾರೋ ಎಂದು ಶುಕೂರರಿಗೆ ಭಯವಾಯಿತು. ಹತ್ತಿರ ಹೋದರೆ ಅವರ ಮುಖ ಶಾಂತವಾಗಿತ್ತು. ಬಹಳ ಹೊತ್ತು ನಿದ್ದೆ ಮಾಡಿ ಎದ್ದವರ ಹಾಗಿತ್ತು.

"ಸುಂದರಿಯ ರವಿಕೆಯ ಹೊಲಿಗೆಯನ್ನು ಕೂಡ ಹಾಕಿದ್ದೀರಿ," ಎಂದರು.

"ನೀವು ಹೇಳಿದ್ದಿರಲ್ಲ. ಒಬ್ಬನ ಅಂಗಿಗೆ ಹಾಕಿದೆ. ತಪ್ಪಾಯಿತಾ?"

"ಎಂತ ತಪ್ಪು? ಅವಳು ತೀರಿಹೋಗಿ ಒಂಬತ್ತು ವರ್ಷ ಆಯಿತು." ತೆರೆಯ ಕಡೆ ಬೆರಳು ತೋರಿಸಿ ಕೇಳಿದರು. "ಆ ದೇಶದಲ್ಲಿ ಮಳೆ ಬರ್ತದಾ, ಶುಕೂರಣ್ಣ?"

"ಅಪರೂಪ. ಚಳಿಗಾಲದಲ್ಲಿ ನಾಲ್ಕು ದಿನ. ಬಂದರೆ ನೆಲ ಎಲ್ಲ ಅಂಟು ಕೆಸರು. ನಮ್ಮ ಬೂಟು ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರ್ತಿತ್ತು."

"ಅದನ್ನು ಹಾಕಬೇಕು," ಎಂದರು ಪ್ರೇಮಾವತಿ. "ಇಷ್ಟು ಒಣ ನೆಲದಲ್ಲಿ ದೂಡುವುದು ದೊಡ್ಡ ಕೆಲಸ ಅಲ್ಲ. ಕೆಸರಿನಲ್ಲಿ ಹಳಿ ಕಾಣುವುದಿಲ್ಲ. ಕಾಲು ಬೆರಳಲ್ಲಿ ಹುಡುಕಿಕೊಂಡು ಹೋಗಬೇಕು. ಅದು ಹೇಗೆಂದು ನಾನು ಹೇಳಿಕೊಡ್ತೇನೆ."

ಮೂಡಬಿದಿರೆಯಿಂದ ಸಿದ್ಧಕಟ್ಟೆಯ ಮೇಲಾಗಿ ಬಂಟ್ವಾಳಕ್ಕೆ ಬರುವ ಬಸ್ಸಿನಲ್ಲಿ ಅವರಿಬ್ಬರಿಗೂ ಸೀಟು ಸಿಕ್ಕಿತು. ಶುಕೂರ್ ಝೆರಾಕ್ಸ್ ಕಾಗದದ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾ ಹೋದರು. ಕೆಸರಿನಲ್ಲಿ ಚಕ್ರದ ಸದ್ದು ಮೊದಲು ದಪ್ಪವಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ಉಸಿರಿನ ಸದ್ದು ಜೋರಾಗುತ್ತದೆ. ಹಿಂದಿನವನು ಮುಂದಿನವನ ಸೊಂಟದ ಬಟ್ಟೆ ಹಿಡಿದುಕೊಳ್ಳುತ್ತಾನೆ. ಪ್ರೇಮಾವತಿ ಕಿಟಕಿಗೆ ತಲೆಯಾನಿಸಿ, ಕಣ್ಣು ಮುಚ್ಚಿಕೊಂಡೇ ಒಂದೊಂದಾಗಿ ಹೇಳುತ್ತಿದ್ದರು.